ನಮ್ಮದೇ ರಕ್ತ, ನಮ್ಮದೇ ದುಡ್ಡು, ಮಂಡಿ ನೋವು ಮಾತ್ರ ಹಾಗೇ!

ಬಹಳ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಕೆಲಸ, ರಿಲೀಸು, ಅದೂ ಇದೂ... ಇವತ್ತು ಬರೀತಿರೋದು ಸಿಟ್ಟಿನಿಂದ. ಖಾರ ಸ್ವಲ್ಪ ಜಾಸ್ತಿಯಾದರೆ ಸಹಿಸಿಕೊಳ್ಳಿ.

ಅಮ್ಮನಿಗೆ ಎರಡು ವರ್ಷದಿಂದ ಮಂಡಿ ನೋವು. ಹಾಸನದಿಂದ ಬೆಂಗಳೂರಿಗೆ ಕರೆಸಿ ಒಂದು ಕ್ಲಿನಿಕ್ಕಿಗೆ ಕರಕೊಂಡು ಹೋದೆ. ಡಾಕ್ಟರು ಎಕ್ಸ್-ರೇ ನೋಡಿ, "ಸವೆತ ಶುರುವಾಗಿದೆ. ಆಪರೇಷನ್ ಬೇಡ, ಪಿ.ಆರ್.ಪಿ. ಮಾಡೋಣ. ನಿಮ್ಮ ರಕ್ತದಿಂದಲೇ ನಿಮ್ಮ ಕಾರ್ಟಿಲೇಜ್ ಮತ್ತೆ ಬೆಳೆಯುತ್ತೆ" ಅಂದರು. ಮೂರು ಇಂಜೆಕ್ಷನ್, ಒಂದಕ್ಕೆ 12,000 ರೂಪಾಯಿ. ಮರುಮಾತಾಡದೆ ಕಾರ್ಡ್ ಉಜ್ಜಿದೆ. ಆಫೀಸಲ್ಲಿ ಒಂದು ಲೈಬ್ರರಿಯ ವರ್ಷನ್ ಬದಲಾಯಿಸೋಕೂ ಹತ್ತು ಪ್ರಶ್ನೆ ಕೇಳೋ ಆಸಾಮಿ ನಾನು!

ಗೊತ್ತಿಲ್ಲದವರಿಗೆ: ತೋಳಿಂದ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರ ತಿರುಗಿಸಿ, ಪ್ಲೇಟ್‌ಲೆಟ್ ಜಾಸ್ತಿ ಇರೋ ಭಾಗವನ್ನು ಬೇರೆ ಮಾಡಿ ಮಂಡಿಗೆ ಚುಚ್ಚುತ್ತಾರೆ. ಗಾಯ ಮಾಯಿಸೋಕೆ ಪ್ಲೇಟ್‌ಲೆಟ್ ಸಹಾಯ ಮಾಡುತ್ತಲ್ಲ, ಸವೆದ ಕೀಲನ್ನೂ ರಿಪೇರಿ ಮಾಡಲಿ ಅನ್ನೋದು ಲೆಕ್ಕಾಚಾರ. ಕೇಳೋಕೆ ಚೆನ್ನಾಗಿದೆ.

ಎರಡು ತಿಂಗಳು ಅಮ್ಮ "ಪರವಾಗಿಲ್ಲ ಮಗಾ" ಅಂದಳು. ಆಮೇಲೆ ಅದೇ ನೋವು. ಫೋನ್ ಮಾಡಿದರೆ ಕ್ಲಿನಿಕ್ಕಿನವರು "ಇನ್ನೊಂದು ಬೂಸ್ಟರ್ ತಗೊಳ್ಳಿ" ಅಂದರು. ಆಗ ಕೂತು ಓದಿದೆ. ಮೊದಲೇ ಓದಬೇಕಿತ್ತು.

ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ಒಂದು ಪ್ರಯೋಗ ಮಾಡಿ, 2021ರಲ್ಲಿ ಜಾಮಾ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಎಲ್ಲರೂ 50 ದಾಟಿದವರು, ಸವೆತ ಅಮ್ಮನ ಥರಾನೇ ಅಲ್ಪ ಅಥವಾ ಮಧ್ಯಮ. ಅರ್ಧ ಜನಕ್ಕೆ ಪಿ.ಆರ್.ಪಿ., ಇನ್ನರ್ಧ ಜನಕ್ಕೆ ಬರೀ ಉಪ್ಪುನೀರು, ವಾರಕ್ಕೊಂದರಂತೆ ಮೂರು ಇಂಜೆಕ್ಷನ್. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಚುಚ್ಚಿದ ಡಾಕ್ಟರಿಗೂ ಗೊತ್ತಿಲ್ಲ. ವರ್ಷದ ನಂತರ 0-10ರ ಅಳತೆಯಲ್ಲಿ ನೋವು ಇಳಿದದ್ದು ಪಿ.ಆರ್.ಪಿ.ಯವರಿಗೆ 2.1, ಉಪ್ಪುನೀರಿನವರಿಗೆ 1.8. ಲೆಕ್ಕಕ್ಕೆ ಹಿಡಿಯುವಷ್ಟು ವ್ಯತ್ಯಾಸವೇ ಇಲ್ಲ. ಇನ್ನು ಕಾರ್ಟಿಲೇಜು? ಬೆಳೆಯೋದಿರಲಿ, ಎರಡೂ ಗುಂಪಿನಲ್ಲಿ ಕಡಿಮೆಯಾಗಿತ್ತು: ಒಂದರಲ್ಲಿ 1.4%, ಇನ್ನೊಂದರಲ್ಲಿ 1.2%. ಜಾಸ್ತಿ ಕಡಿಮೆಯಾದದ್ದು ಯಾರಿಗೆ ಗೊತ್ತಾ? ಪಿ.ಆರ್.ಪಿ.ಯವರಿಗೆ! (ಆ ವ್ಯತ್ಯಾಸಕ್ಕೂ ಅರ್ಥವಿಲ್ಲ, ನ್ಯಾಯವಾಗಿ ಹೇಳಬೇಕು.)

ನ್ಯಾಯದ ಮಾತು ಬಂದಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಿಬಿಡ್ತೀನಿ. 2013ರಲ್ಲಿ ಚಂಡೀಗಢದ ಪಿಜಿಐನವರು 78 ರೋಗಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಆರು ತಿಂಗಳವರೆಗೆ ಉಪ್ಪುನೀರಿಗಿಂತ ಪಿ.ಆರ್.ಪಿ. ಮೇಲಾಗಿತ್ತು. ಅಮೆರಿಕದ ಮೂಳೆ ಡಾಕ್ಟರುಗಳ ಅಕಾಡೆಮಿ 2021ರಲ್ಲಿ "ನೋವು ಕಡಿಮೆ ಮಾಡಬಹುದು" ಅಂತ ಮೆಲ್ಲಗೆ ಹೇಳಿದೆ. ಆದರೆ ಅದೇ ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ 2019ರಲ್ಲೇ ಮಂಡಿಗೆ ಇದು ಬೇಡ ಅಂತ ಖಡಾಖಂಡಿತವಾಗಿ ಹೇಳಿತ್ತು. ಒಬ್ಬೊಬ್ಬರು ಒಂದೊಂದು ಥರ ತಯಾರಿಸ್ತಾರೆ, ಒಳಗೆ ಏನು ಹೋಗ್ತಿದೆ ಅನ್ನೋದಕ್ಕೇ ಒಂದು ಅಳತೆ ಇಲ್ಲ ಅನ್ನೋದು ಅವರ ಕಾರಣಗಳಲ್ಲೊಂದು.

ಹಾಗಾಗಿ ಪಿ.ಆರ್.ಪಿ. ಮೋಸ ಅಂತ ನಾನು ಹೇಳ್ತಿಲ್ಲ. ಸಂಶೋಧನೆ ನಡೀಲಿ, ಬೇಕಾದಷ್ಟು ನಡೀಲಿ. ತಜ್ಞರೇ ಇನ್ನೂ ಜಗಳ ಆಡ್ತಿರೋ ವಿಷಯವನ್ನು "ಕಾರ್ಟಿಲೇಜ್ ಬೆಳೆಯುತ್ತೆ" ಅಂತ ಗ್ಯಾರಂಟಿ ಕೊಟ್ಟು ಮಾರ್ತಾರಲ್ಲ, ಅದು ಮೋಸ. ಟೆಸ್ಟಿಂಗ್ ಮುಗಿಯದ ಕೋಡನ್ನು ಪ್ರೊಡಕ್ಷನ್‌ಗೆ ಹಾಕಿದರೆ ನಮ್ಮನ್ನ ಮನೆಗೆ ಕಳಿಸ್ತಾರೆ. ಇಲ್ಲಿ ಬಿಲ್ ಕೊಟ್ಟು ಕಳಿಸ್ತಾರೆ.

"ನಮ್ಮದೇ ರಕ್ತ ತಾನೆ, ಏನು ನಷ್ಟ?" ಅಂತೀರಾ? ಕೀಲಿಗೆ ಸೂಜಿ ಹೋದರೆ ಸೋಂಕಿನ ಸಣ್ಣ ಅಪಾಯ ಇದ್ದೇ ಇದೆ. ಅದಕ್ಕಿಂತ ದೊಡ್ಡ ನಷ್ಟ ಬೇರೆ. ತೊಡೆಯ ಸ್ನಾಯು ಗಟ್ಟಿ ಮಾಡೋ ವ್ಯಾಯಾಮ, ತೂಕ ಜಾಸ್ತಿ ಇದ್ದರೆ ಇಳಿಸೋದು: ಇವೆರಡರ ಬಗ್ಗೆ ಯಾವ ತಜ್ಞರಿಗೂ ಜಗಳವಿಲ್ಲ. ಒಂದು ಕೆಜಿ ಇಳಿಸಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿ ಮೇಲಿನ ಭಾರ ಸುಮಾರು ನಾಲ್ಕು ಕೆಜಿ ಇಳಿಯುತ್ತೆ. ಆ ಕ್ಲಿನಿಕ್ಕಿನಲ್ಲಿ ಇದರ ಬಗ್ಗೆ ಒಂದೇ ಒಂದು ಮಾತು ಬರಲಿಲ್ಲ. ಫಿಸಿಯೋಥೆರಪಿ ಅನ್ನೋ ಪದವನ್ನೇ ಯಾರೂ ಎತ್ತಲಿಲ್ಲ.

ನನ್ನ ತಪ್ಪೂ ಇದೆ. 36,000 ಕೊಡೋದು ನನಗೆ ಸುಲಭವಾಗಿತ್ತು. ದಿನಾ ಸಂಜೆ ಫೋನ್ ಮಾಡಿ "ಅಮ್ಮಾ, ಕಾಲೆತ್ತೋ ವ್ಯಾಯಾಮ ಮಾಡಿದ್ಯಾ?" ಅಂತ ಕೇಳೋದು ಕಷ್ಟವಾಗಿತ್ತು. ದೂರದಲ್ಲಿರೋ ಮಕ್ಕಳ ಈ ಅಪರಾಧಿ ಭಾವವೇ ಇವರ ಮಾರ್ಕೆಟ್ಟು. ಎಷ್ಟಾಯ್ತು ಅಂತ ತಿಳಿದಾಗ ಅಮ್ಮ ಹೇಳಿದ್ದಿಷ್ಟೇ: "ಅಷ್ಟು ದುಡ್ಡಲ್ಲಿ ಮನೇಲಿ ಕೂರೋ ಥರದ ಕಮೋಡ್ ಹಾಕಿಸಬಹುದಿತ್ತಲ್ಲೋ. ದಿನಾ ಬೆಳಿಗ್ಗೆ ಕುಕ್ಕರುಗಾಲಲ್ಲಿ ಕೂತು ಏಳೋಷ್ಟರಲ್ಲಿ ಜೀವ ಹೋಗುತ್ತೆ."

ಎರಡು ವರ್ಷದಲ್ಲಿ ಅದನ್ನ ಡಾಕ್ಟರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಕಮೋಡ್ ಹೋದ ತಿಂಗಳು ಹಾಕಿಸಿದ್ದಾಯ್ತು. ಫೋನೂ ನಡೀತಿದೆ. ನಿಮ್ಮ ಮನೇಲೂ ಯಾರಿಗಾದರೂ ಪಿ.ಆರ್.ಪಿ. ಅಂದರೆ, ದುಡ್ಡು ಕೊಡೋ ಮುಂಚೆ ಎರಡೇ ಪ್ರಶ್ನೆ ಕೇಳಿ: ಉಪ್ಪುನೀರಿಗಿಂತ ಇದು ಎಷ್ಟು ಮೇಲು? ಆರು ತಿಂಗಳು ವ್ಯಾಯಾಮ ಮಾಡಿ ನೋಡಿ ಆಮೇಲೆ ಬರಬಹುದಾ?

ಕಾಮೆಂಟಿನಲ್ಲಿ ಜಗಳಕ್ಕೆ ಧಾರಾಳವಾಗಿ ಬನ್ನಿ. "ನಮ್ಮತ್ತೆಗೆ ಕಡಿಮೆ ಆಯ್ತು" ಅಂತ ಮಾತ್ರ ಹೇಳಬೇಡಿ. ಉಪ್ಪುನೀರು ಚುಚ್ಚಿಸಿಕೊಂಡವರಿಗೂ ಕಡಿಮೆ ಆಗಿತ್ತು :)