ಆರಿಸುವವರು ಯಾರು?

ವಿಜ್ಞಾನ ಓದುವ ಹುಡುಗನಿಗೆ ಅರ್ಥಶಾಸ್ತ್ರವೇಕೆ, ಕಾನೂನೇಕೆ ಎಂದು ಕೇಳುವವರು ನಮ್ಮ ಗಿರಣಿ ಕೇರಿಯಲ್ಲೂ ಇದ್ದಾರೆ. ಕೇಳುವುದು ತಪ್ಪಲ್ಲ; ಹೊಟ್ಟೆ ಬಟ್ಟೆ ಕಟ್ಟಿ ಫೀಸು ತೆತ್ತವರಿಗೆ ಆ ಹಕ್ಕಿದೆ. ಆದರೆ ವಿಜ್ಞಾನದ ವಿದ್ಯಾರ್ಥಿಗೂ ಸಮಾಜದ ತಿಳಿವಳಿಕೆ ನೀಡುವ ಸಾಮಾನ್ಯ ಶಿಕ್ಷಣ ಬೇಕೆಂದು 1948-49ರ ರಾಧಾಕೃಷ್ಣನ್ ಆಯೋಗವೇ ಹೇಳಿತ್ತು.

2021ರಲ್ಲಿ ಕರ್ನಾಟಕ ಸರಕಾರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಜಾರಿಗೆ ತಂದಾಗ, ಬಿ.ಎಸ್‌ಸಿ. ವಿದ್ಯಾರ್ಥಿ ಮೊದಲ ನಾಲ್ಕು ಸೆಮಿಸ್ಟರುಗಳಲ್ಲಿ ತನ್ನ ವಿಭಾಗದ ಹೊರಗಿನ ಒಂದೊಂದು 'ಮುಕ್ತ ಐಚ್ಛಿಕ' ವಿಷಯವನ್ನು ಆರಿಸಿಕೊಳ್ಳಬೇಕಾಯಿತು. ಕಾಗದದ ಮೇಲೆ ಪಟ್ಟಿ ಉದ್ದವಾಗಿತ್ತು. ಕಾಲೇಜಿನಲ್ಲಿ? ಸರಕಾರಿ ಪ್ರಥಮ ದರ್ಜೆ ಕಾಲೇಜುಗಳು ಸಾವಿರಾರು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಡೆಯುತ್ತಿವೆ. ಪಾಠ ಹೇಳುವವರು ಯಾವ ವಿಷಯಕ್ಕೆ ಇದ್ದಾರೋ ಅದೇ ಹುಡುಗನ 'ಆಯ್ಕೆ'! ಉಳ್ಳವರ ಮಗನಿಗೆ ಹತ್ತರಲ್ಲೊಂದು, ನಮ್ಮವನಿಗೆ ಒಂದರಲ್ಲೊಂದು. 2024-25ರಿಂದ ಸರಕಾರ ನಾಲ್ಕು ವರ್ಷದ ಆನರ್ಸ್ ಪದ್ಧತಿಯನ್ನು ಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ವರ್ಷಗಳ ಲೆಕ್ಕ ಬದಲಾಯಿತು. ಉಪನ್ಯಾಸಕರ ಕೊರತೆ ಹಾಗೆಯೇ ಉಳಿಯಿತು.

ಇದನ್ನು ಸಣ್ಣ ಮಾತೆಂದು ತಳ್ಳಿಹಾಕುವಂತಿಲ್ಲ. 2025ರ ನವೆಂಬರ್ 21ರಂದು 29 ಕಾರ್ಮಿಕ ಕಾನೂನುಗಳ ಜಾಗಕ್ಕೆ ನಾಲ್ಕು ಸಂಹಿತೆಗಳು ಬಂದವು. ಪಾಳಿ ಮುಗಿಸಿ ಬಂದ ತಂದೆಗೆ ಅವುಗಳಲ್ಲೇನಿದೆ ಎಂದು ಓದಿ ಹೇಳಬಲ್ಲ ಮಗಳು ಮನೆಯಲ್ಲಿ ಬೇಡವೇ? 2017ರಲ್ಲಿ ಜಿ.ಎಸ್.ಟಿ. ಬಂದಂದಿನಿಂದ ಲೆಕ್ಕ ಬರೆಸಲು ಪರರ ಬಾಗಿಲಿಗೆ ಹೋಗುವ ಅಂಗಡಿಕಾರನ ಮಗ, ರಸಾಯನಶಾಸ್ತ್ರದ ಜೊತೆಗೆ ಒಂದು ಸೆಮಿಸ್ಟರು ಲೆಕ್ಕಶಾಸ್ತ್ರ ಓದಿದರೆ ನಷ್ಟವೇನು? ಹಾಗೆಂದು ಎಲ್ಲರೂ ಉಪಯೋಗದ ವಿಷಯವನ್ನೇ ಹಿಡಿಯಬೇಕೆಂದು ನಾವು ಹೇಳುತ್ತಿಲ್ಲ. ಇತಿಹಾಸವೋ ಸಂಗೀತವೋ ಬೇಕೆನ್ನುವ ಹುಡುಗಿಗೆ ಅದೂ ಸಿಗಲಿ. ಬಡವರ ಮಕ್ಕಳಿಗೆ ಅಭಿರುಚಿ ಇರಬಾರದೆಂದು ಯಾರು ಬರೆದಿಟ್ಟಿದ್ದಾರೆ? ಅಂಕ ಸುಲಭವೆಂದು ಗೆಳೆಯರ ಹಿಂದೆ ಹೋಗಿ ಸಹಿ ಹಾಕುವುದು ಮಾತ್ರ ಬೇಡ.

ಫೀಸು ಕಟ್ಟುವ ಮೊದಲು ತಂದೆತಾಯಿಗಳು ಕಾಲೇಜಿನ ಕಚೇರಿಗೆ ಹೋಗಿ ಎರಡು ಪ್ರಶ್ನೆ ಕೇಳಲಿ: ಹೊರಗಿನ ವಿಷಯಗಳು ಯಾವುವು, ಅವನ್ನು ಕಲಿಸುವವರು ಯಾರು? ಉತ್ತರ ಬಾರದಿದ್ದರೆ ನಾಲ್ವರು ಕೂಡಿ ಹೋಗಿ ಕೇಳಲಿ. ಸರಕಾರ ಖಾಲಿ ಹುದ್ದೆಗಳಿಗೆ ಖಾಯಂ ಉಪನ್ಯಾಸಕರನ್ನು ನೇಮಿಸಬೇಕು. ಅದುವರೆಗೆ, ಒಂದೇ ಊರಿನ ಕಾಲೇಜುಗಳು ಪಾಠಗಳನ್ನು ಹಂಚಿಕೊಂಡು, ಒಂದರ ವಿದ್ಯಾರ್ಥಿಯನ್ನು ಇನ್ನೊಂದರ ತರಗತಿಯಲ್ಲಿ ಕೂಡಿಸಿಕೊಳ್ಳುವಂತೆ ವಿಶ್ವವಿದ್ಯಾನಿಲಯ ಆಜ್ಞೆ ಹೊರಡಿಸಬೇಕು.