ಅರ್ಥ ಬಲ್ಲವನನ್ನೂ ವಂಚಿಸುವ ಪದಗಳು

ಸ್ಪರ್ಧಾಪರೀಕ್ಷೆಗೆ ಸಿದ್ಧನಾಗುತ್ತಿರುವ ತರುಣನೊಬ್ಬ ದಿನಕ್ಕೆ ಇಪ್ಪತ್ತರಂತೆ ಇಂಗ್ಲಿಷಿನ ಕಠಿನ ಪದಗಳನ್ನು ಅರ್ಥಸಹಿತವಾಗಿ ಬಾಯಿಪಾಠ ಮಾಡುತ್ತಿರುವನೆಂದು ಭಾವಿಸಿರಿ. ಅವನ ಟಿಪ್ಪಣಿ ಪುಸ್ತಕದಲ್ಲಿ ‘ಇಗ್ರೀಜಿಯಸ್’ ಎಂಬುದರ ಎದುರಿಗೆ ‘ಅಸಾಧಾರಣ, ಎದ್ದುಕಾಣುವ’ ಎಂದಿದೆ. ತನಗೆ ಶಿಫಾರಸು ಪತ್ರ ಬರೆದುಕೊಟ್ಟ ಪ್ರಾಧ್ಯಾಪಕರಿಗೆ ಕೃತಜ್ಞತೆಯ ಕಾಗದ ಬರೆಯಲು ಆತ ಕುಳಿತಿದ್ದಾನೆ. ಅವರ ಉಪಕಾರಕ್ಕೆ ಸಾಮಾನ್ಯ ಪದ ಸಾಲದೆನ್ನಿಸಿ, ‘ತಮ್ಮ ಇಗ್ರೀಜಿಯಸ್ ಔದಾರ್ಯ’ ಎಂದು ಬರೆದುಬಿಡುತ್ತಾನೆ. ವ್ಯಾಕರಣ ಶುದ್ಧವಾಗಿದೆ, ಕಾಗುಣಿತದ ದೋಷವಿಲ್ಲ, ಭಾವವಂತೂ ನಿರ್ಮಲ. ಆದರೆ ಇಂದಿನ ಇಂಗ್ಲಿಷಿನಲ್ಲಿ ಆ ವಿಶೇಷಣ ಹೊಂದುವುದು ತಪ್ಪು, ಸುಳ್ಳು, ಅನ್ಯಾಯ ಮೊದಲಾದುವಕ್ಕೆ. ಅವು ಕಣ್ಣಿಗೆ ರಾಚುವಷ್ಟು ಘೋರವಾಗಿರುವಾಗ. ಪ್ರಾಧ್ಯಾಪಕರು ಶಿಷ್ಯನನ್ನು ಬಲ್ಲವರಾದ್ದರಿಂದ ನಕ್ಕು ಕ್ಷಮಿಸಿಯಾರು. ಅಂತಹ ಕಾಗದ ಅಪರಿಚಿತ ಅಧಿಕಾರಿಯ ಕೈಸೇರಿದರೆ ಅಷ್ಟು ಸಹನೆಯನ್ನು ನಿರೀಕ್ಷಿಸುವಂತಿಲ್ಲ.

ಹಾಗಾದರೆ ಟಿಪ್ಪಣಿ ಪುಸ್ತಕ ಸುಳ್ಳು ಹೇಳಿತೆ? ಹಾಗೂ ಹೇಳುವಂತಿಲ್ಲ. ಲ್ಯಾಟಿನ್ ಭಾಷೆಯಲ್ಲಿ ‘ಗ್ರೆಕ್ಸ್’ ಎಂದರೆ ಮಂದೆ. ಮಂದೆಯಿಂದ ಬೇರೆಯಾಗಿ ನಿಂತದ್ದು ಎಂಬುದೇ ಈ ಪದದ ಮೂಲಾರ್ಥ. ಇಂಗ್ಲಿಷಿಗೆ ಬಂದ ಹೊಸತರಲ್ಲಿ ಇದು ಶ್ರೇಷ್ಠರಿಗೂ ಸಲ್ಲುತ್ತಿದ್ದ ಗೌರವದ ಮಾತೇ ಆಗಿತ್ತು. ಕ್ರಮೇಣ ವ್ಯಂಗ್ಯದ ಬಾಯಿಗೆ ಸಿಕ್ಕಿ ಕೆಟ್ಟಿತು. ವಿನೋದವೆಂದರೆ, ಇದರ ಸೋದರಪದ ಇಟಲಿಯಲ್ಲಿ ಕೆಡದೆ ಉಳಿದಿದೆ. ಇಟಲಿಯ ಔಪಚಾರಿಕ ಪತ್ರಗಳಲ್ಲಿ ‘ಎಗ್ರೇಜಿಯೊ’ ಎಂಬುದು ನಮ್ಮ ‘ಮಾನ್ಯರೆ’ ಇರುವ ಸ್ಥಾನದಲ್ಲಿ ಇಂದಿಗೂ ಕುಳಿತಿದೆ. ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಒಬ್ಬ ಸಭೆಯಲ್ಲಿ, ಇನ್ನೊಬ್ಬ ಕಟಕಟೆಯಲ್ಲಿ!

ಕನ್ನಡಿಗರಿಗೆ ಇದು ಹೊಸ ಅನುಭವವೇನೂ ಅಲ್ಲ. ಸಂಸ್ಕೃತದ ‘ಶಿಕ್ಷಾ’ ಎಂದರೆ ಕಲಿಕೆ. ಆರು ವೇದಾಂಗಗಳಲ್ಲಿ ಒಂದರ ಹೆಸರೂ ಅದೇ. ಹಿಂದಿಯಲ್ಲಿ ಆ ಅರ್ಥ ಇಂದಿಗೂ ನಿಂತಿದೆ. ಕನ್ನಡದಲ್ಲಿಯಾದರೋ ‘ಶಿಕ್ಷಕ’, ‘ಶಿಕ್ಷಣ’ಗಳು ಶಾಲೆಯಲ್ಲಿಯೇ ಉಳಿದು, ‘ಶಿಕ್ಷೆ’ ಮಾತ್ರ ನ್ಯಾಯಾಲಯಕ್ಕೆ ಹೋಯಿತು. (ಶಾಲೆಯಲ್ಲಿಯೂ ಅದಕ್ಕೆ ಕೆಲಸ ತಪ್ಪಲಿಲ್ಲವೆಂದು ಹಿರಿಯ ವಾಚಕರು ಹೇಳಬಹುದು.) ಉತ್ತರದವರು ಕಾದಂಬರಿಯನ್ನು ‘ಉಪನ್ಯಾಸ’ ಎಂದರೆ ಇಲ್ಲಿನವರಿಗೆ ನಗು ಬರುತ್ತದೆ. ತಾಯ್ನುಡಿಯಲ್ಲಿ ಇಂತಹ ಮೋಸಕ್ಕೆ ಯಾರೂ ಬೀಳುವುದಿಲ್ಲ. ಏಕೆಂದರೆ ಅಲ್ಲಿ ಪದವನ್ನು ಪಟ್ಟಿಯಿಂದ ಕಲಿತವರಿಲ್ಲ. ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಆಡಿದರೆಂಬುದನ್ನು ಕೇಳಿ ಕೇಳಿ ಕಲಿತದ್ದು.

1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟಿನ ಹಿರಿಮೆಯೂ ಅಲ್ಲಿಯೇ ಇದೆ. ಪರದೇಶದಿಂದ ಬಂದು ಕನ್ನಡ ಕಲಿತ ಆ ವಿದ್ವಾಂಸರು ಅರ್ಥವನ್ನಷ್ಟೇ ಕೊಟ್ಟು ಸುಮ್ಮನಾಗದೆ, ಗ್ರಂಥಪ್ರಯೋಗಗಳನ್ನೂ ಗಾದೆಗಳನ್ನೂ ಜೊತೆಗಿರಿಸಿದರು. ಇಂಗ್ಲಿಷ್ ಕಲಿಯುವ ಅನ್ಯಭಾಷಿಕರಿಗೆ ಇಂತಹುದೇ ನೆರವನ್ನು ಒದಗಿಸಿದವರು ಎ. ಎಸ್. ಹಾರ್ನ್‌ಬಿ. ಜಪಾನಿನಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದ ಅವರೂ ಸಂಗಡಿಗರೂ ರಚಿಸಿದ ಕೋಶ ಮೊದಲು 1942ರಲ್ಲಿ ಜಪಾನಿನಲ್ಲಿಯೇ ಪ್ರಕಟವಾಯಿತು. ಆಕ್ಸ್‌ಫರ್ಡ್ ಮುದ್ರಣಾಲಯ ಅದನ್ನು 1948ರಲ್ಲಿ ಹೊರತಂದಿತು. ಯಾವ ಕ್ರಿಯಾಪದ ಯಾವ ವಾಕ್ಯರಚನೆಯಲ್ಲಿ ನಿಲ್ಲುತ್ತದೆಂಬುದನ್ನು ಅದು ತೋರಿಸುತ್ತದೆ. ಎರಡೇ ಅಂಕಣದ ಪದಪಟ್ಟಿಗಿಂತ ಇಂತಹ ಕೋಶದ ಒಂದು ಪುಟ ವಿದ್ಯಾರ್ಥಿಗೆ ಹೆಚ್ಚು ಹಿತಕರ.

‘ಡಿಸ್‌ಇಂಟರೆಸ್ಟೆಡ್’ ಎಂಬುದನ್ನೇ ನೋಡಿರಿ. ಪಟ್ಟಿಯನ್ನು ನಂಬಿದವನು ಇದನ್ನು ‘ಆಸಕ್ತಿಯಿಲ್ಲದ’ ಎಂದು ತಿಳಿಯುತ್ತಾನೆ. ಶಿಷ್ಟ ಪ್ರಯೋಗದಲ್ಲಿ ಅದಕ್ಕೆ ‘ಸ್ವಾರ್ಥವಿಲ್ಲದ, ನಿಷ್ಪಕ್ಷಪಾತಿಯಾದ’ ಎಂದರ್ಥ. ನ್ಯಾಯಾಧೀಶರು ಹೀಗಿರಬೇಕಾದುದು ಧರ್ಮ. ‘ಅನ್‌ಇಂಟರೆಸ್ಟೆಡ್’ ಆಗಿ ತೂಕಡಿಸಿದರೆ ಕಕ್ಷಿಗಾರನ ಗತಿಯೇನು? ಆದರೂ ಕೇವಲ ಇವನನ್ನು ಬೈಯುವುದು ನ್ಯಾಯವಲ್ಲ. ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷರೇ ಈ ಎರಡನ್ನೂ ಅದಲುಬದಲಾಗಿ ಬಳಸುತ್ತಿದ್ದರು. ಇಂದಿಗೂ ಅವರಲ್ಲಿ ಎಡವುವವರು ಬಹುಮಂದಿ. ಅವರು ಎಡವಿದರೆ ಅದು ಭಾಷೆಯ ಬೆಳವಣಿಗೆ ಎನ್ನಿಸಿಕೊಳ್ಳುತ್ತದೆ, ಪರೀಕ್ಷಾರ್ಥಿ ಎಡವಿದರೆ ಅಂಕ ಹೋಗುತ್ತದೆ!

ಧ್ವನಿಯಿಂದಲೇ ದಾರಿ ತಪ್ಪಿಸುವ ಪದಗಳೂ ಉಂಟು. ‘ಎನರ್ವೇಟ್’ ಎಂಬುದು ‘ಎನರ್ಜಿ’ಯ ನೆಂಟನಂತೆ ಕೇಳಿಸಿದರೂ ಶಕ್ತಿ ಕೊಡುವುದಿಲ್ಲ, ಇದ್ದುದನ್ನೂ ಹೀರುತ್ತದೆ, ಲ್ಯಾಟಿನ್ ಮೂಲದಲ್ಲಿ ಅದು ನರ ಕತ್ತರಿಸುವ ಕ್ರಿಯೆ. ಟಾನಿಕ್ ಕುಡಿದು ‘ಎನರ್ವೇಟ್’ ಆದೆನೆಂದು ಬರೆಯುವವನು ಔಷಧದ ಅಂಗಡಿಯವನಿಗೆ ಅನ್ಯಾಯ ಮಾಡಿದಂತೆ.

ನಮ್ಮ ತರುಣನ ಕಾಗದ ಇನ್ನೂ ಅಂಚೆಗೆ ಬಿದ್ದಿಲ್ಲವಾದರೆ, ಅಲ್ಲಿ ‘ಜೆನರಸ್’ ಎಂಬ ಪರಿಚಿತ ಪದವೇ ಸಾಕು, ಪ್ರಾಧ್ಯಾಪಕರು ಸಂತೋಷಪಡುತ್ತಾರೆ. ಆ ಟಿಪ್ಪಣಿ ಪುಸ್ತಕದಲ್ಲಿ ಮೂರನೆಯ ಅಂಕಣವೊಂದನ್ನು ಗೆರೆ ಎಳೆದು, ಪದ ಕಂಡ ವಾಕ್ಯವನ್ನು ಹಾಗೆಯೇ ಬರೆದುಕೊಳ್ಳಲಿ. ದಿನಕ್ಕೆ ಇಪ್ಪತ್ತರ ಬದಲು ಐದೇ ಆದರೂ ಚಿಂತೆಯಿಲ್ಲ. ಇಂದು ಸಂಜೆಯೇ ತಿದ್ದಬೇಕಾದುದು ಇನ್ನೊಂದಿದೆ. ಅಲ್ಲಿ ‘ನಾಯ್ಸಮ್’ ಎಂಬುದರ ಎದುರಿಗೆ ‘ಗದ್ದಲದ’ ಎಂದಿರುವ ಸಂಭವ ಹೆಚ್ಚು. ಆ ಪದಕ್ಕೂ ಸದ್ದಿಗೂ ಏನೇನೂ ಸಂಬಂಧವಿಲ್ಲ. ಅದರ ನಂಟು ‘ಅನಾಯ್’ ಎಂಬ ಕ್ರಿಯಾಪದದೊಡನೆ. ಅರ್ಥ, ಮೂಗು ಮುಚ್ಚಿಕೊಳ್ಳುವಂತಹ ದುರ್ಗಂಧದ್ದು. ಪಕ್ಕದ ಮನೆಯವರ ಮಕ್ಕಳು ಗಲಾಟೆಯವರೆಂದು ಹೇಳಹೊರಟವನು ಈ ವ್ಯತ್ಯಾಸವನ್ನು ಮೊದಲೇ ಅರಿತಿರುವುದು ಕ್ಷೇಮ.