ಸ್ಟಾರ್ಟರ್ ಹೊಸದು, ಮೋಟಾರು ಹಳತು

ಕಳೆದ ಆಗಸ್ಟ್ 15ರಂದು ನಮ್ಮ ವಾಚನಾಲಯದ ಅಂಗಳದಲ್ಲಿ ಒಂದು ಭಾಷಣವಾಯಿತು. ಜಗತ್ತೇ ಗುಜರಿಗೆ ಹಾಕಿದ ಜಾಗ್ವಾರ್ ಯುದ್ಧವಿಮಾನವನ್ನು ನಾವು ಇನ್ನೂ ಹಾರಿಸುತ್ತಿದ್ದೇವೆ, ಇದು ನಮ್ಮ ಜಾಣ್ಮೆ ಅಂತ. ಚಪ್ಪಾಳೆ ಜೋರಾಗಿಯೇ ಬಿತ್ತು. ನಾನು ತಟ್ಟಲಿಲ್ಲ. ಯಾಕೆ ಎಂದು ಅಲ್ಲಿ ಹೇಳಲಿಕ್ಕಾಗಲಿಲ್ಲ, ಅಷ್ಟರಲ್ಲಿ ಪಾಯಸ ಬಂದಿತ್ತು. ಇಲ್ಲಿ ಹೇಳುತ್ತೇನೆ.

ನಾನು ವಿಮಾನದ ಇಂಜಿನಿಯರ್ ಅಲ್ಲ. ಪೈವಳಿಕೆಯಲ್ಲಿ ಒಂದು ಅಡಿಕೆ ತೋಟ, ಕೆರೆಯ ಬದಿಯಲ್ಲಿ ಒಂದು ಹಳೇ ಪಂಪು, ಇಷ್ಟೇ ನನ್ನ ಯಂತ್ರವಿದ್ಯೆ. ಆ ಪಂಪಿಗೆ ಹೊಸ ಸ್ಟಾರ್ಟರ್ ಹಾಕಿಸಿದೆ, ಹೊಸ ಪೈಪು ಹಾಕಿಸಿದೆ, ಸ್ಪ್ರಿಂಕ್ಲರ್ ಎರಡು ಸಾಲು ಹೆಚ್ಚಿಸಿದೆ. ಮೋಟಾರು ಮಾತ್ರ ಅದೇ. ಗುಡ್ಡದ ತಲೆಯ ಗಿಡಗಳಿಗೆ ನೀರು ಹತ್ತಲೇ ಇಲ್ಲ. ಜಾಗ್ವಾರಿನ ಕಥೆಯೂ ಹೆಚ್ಚುಕಮ್ಮಿ ಇದೇ.

ಮೊದಲು ಹೊಗಳಬೇಕಾದ್ದನ್ನು ಹೊಗಳಿಬಿಡುವ. ಬ್ರಿಟನ್ ಮತ್ತು ಫ್ರಾನ್ಸ್ ಕೂಡಿ ಮಾಡಿದ ಈ ವಿಮಾನ ನಮ್ಮಲ್ಲಿಗೆ ಬಂದದ್ದು 1979ರಲ್ಲಿ, ಅಂಬಾಲಕ್ಕೆ. ಆಮೇಲೆ ಬೆಂಗಳೂರಿನ ಎಚ್‌ಎಎಲ್‌ನಲ್ಲಿಯೇ ತಯಾರಾಯಿತು. ಅದರೊಟ್ಟಿಗೆ ಬಂದ, ದಾರಿ ತೋರಿಸಿ ಗುರಿ ಹಿಡಿಯುವ ಸಲಕರಣೆ ನಮ್ಮವರಿಗೆ ಸಮಾಧಾನ ಕೊಡಲಿಲ್ಲ. 1980ರ ದಶಕದಲ್ಲಿ ಅವರೇ ಬೆಂಗಳೂರಿನಲ್ಲಿ ಕೂತು, ಬೇರೆ ಬೇರೆ ಕಡೆಯ ಉಪಕರಣಗಳನ್ನು ಒಂದಕ್ಕೊಂದು ಮಾತಾಡುವ ಹಾಗೆ ಜೋಡಿಸಿದರು. 'ಡಾರಿನ್' ಎಂದು ಅದರ ಹೆಸರು. ಮುಂದೆ ಡಾರಿನ್-2 ಬಂತು, 2012ರಲ್ಲಿ ಡಾರಿನ್-3 ಮೊದಲ ಸಲ ಹಾರಿತು. ಪೈಲಟ್‌ನ ಎದುರು ಮುಳ್ಳಿನ ಮೀಟರುಗಳು ಹೋಗಿ ಪರದೆಗಳು ಬಂದವು. ಕಡಲ ಕೆಲಸದ ಕೆಲವನ್ನು ಬಿಟ್ಟರೆ ಜಾಗ್ವಾರ್‌ಗೆ ರಾಡಾರೇ ಇರಲಿಲ್ಲ, ಈಗ ಅದೂ ಬಂತು. ಇದು ಸಣ್ಣ ವಿದ್ಯೆ ಅಲ್ಲ.

ಆದರೆ ಇಂಜಿನ್? ಅಡೂರ್ ಎಂಬ ಅದೇ ಎರಡು ಇಂಜಿನ್‌ಗಳು. (ನಮ್ಮ ಅಡೂರು ಅಲ್ಲ ಮಾರಾಯ್ರೇ, ಅದು ಫ್ರಾನ್ಸಿನ ಒಂದು ಹೊಳೆಯ ಹೆಸರು.) ಒಳಗೆ ಹೊಸ ಪೆಟ್ಟಿಗೆ ಸೇರಿಸಿದರೆ ಭಾರ ಏರುತ್ತದೆ. ಬಿಸಿಗಾಳಿ ತೆಳುವಾಗಿರುವುದರಿಂದ ಜೆಟ್ ಇಂಜಿನ್ನಿನ ಬಲ ಕುಗ್ಗುತ್ತದೆ. ಯುರೋಪಿನ ಚಳಿಗೆ ಮಾಡಿದ್ದು ರಾಜಸ್ಥಾನದ ಬೇಸಿಗೆಯಲ್ಲಿ ಏದುಸಿರು ಬಿಡದೆ ಇರುತ್ತದಾ? ವಾಯುಪಡೆಗೆ ಇದು ಗೊತ್ತಿಲ್ಲದ್ದಲ್ಲ. ಹನಿವೆಲ್ ಕಂಪೆನಿಯ ಹೆಚ್ಚು ಬಲದ ಇಂಜಿನ್ ಹಾಕುವ ಮಾತು ವರ್ಷಗಟ್ಟಲೆ ನಡೆಯಿತು. 2019ರಲ್ಲಿ ಕೈಬಿಟ್ಟರು. ಖರ್ಚು ವಿಪರೀತವಂತೆ, ವಿಮಾನದ ಉಳಿದ ಆಯುಷ್ಯಕ್ಕೆ ಅದು ಗಿಟ್ಟುವುದಿಲ್ಲವಂತೆ. ಸರಿ, ಆ ಆಯುಷ್ಯ ತೀರಿದ್ದು ಎಲ್ಲಿ? ಮಾತಿನಲ್ಲೇ ಅಲ್ವಾ?

ಅಮೆರಿಕದವರು 1962ರೊಳಗೆ ಕಟ್ಟಿದ ಬಿ-52 ಬಾಂಬರನ್ನು ಇವತ್ತೂ ಹಾರಿಸುವುದಿಲ್ವಾ ಎಂದು ಒಬ್ಬರು ಮಾಸ್ಟ್ರು ನನ್ನನ್ನು ಕೇಳಿದರು. ಹಾರಿಸುತ್ತಾರೆ. ಆದರೆ ಅದಕ್ಕೆ ರೋಲ್ಸ್ ರಾಯ್ಸ್‌ನ ಹೊಸ ಇಂಜಿನ್ ಹಾಕಲು 2021ರಲ್ಲಿ ತೀರ್ಮಾನಿಸಿದ್ದಾರೆ. ನಾನು ಹೇಳುವುದೂ ಅದನ್ನೇ.

2025ರ ಮಾರ್ಚ್, ಏಪ್ರಿಲ್, ಜುಲೈ ತಿಂಗಳಲ್ಲಿ ಒಂದೊಂದು ಜಾಗ್ವಾರ್ ಬಿತ್ತು. ಜಾಮ್‌ನಗರದ ಹತ್ತಿರ ಒಬ್ಬರು, ರಾಜಸ್ಥಾನದ ಚುರುವಿನಲ್ಲಿ ಇಬ್ಬರು ತೀರಿಕೊಂಡರು. ಮೂರಕ್ಕೂ ಇಂಜಿನ್ನೇ ಕಾರಣ ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳುವುದು ಅನ್ಯಾಯ. ಆದರೆ ಫ್ರಾನ್ಸ್ 2005ರಲ್ಲಿ, ಬ್ರಿಟನ್ 2007ರಲ್ಲಿ, ಒಮಾನ್ 2014ರಲ್ಲಿ ಬಿಟ್ಟ ವಿಮಾನದೊಳಗೆ ಕೂರುವವರು ನಮ್ಮ ನಿಮ್ಮ ಮಕ್ಕಳ ಪ್ರಾಯದವರು. ಅವರ ಧೈರ್ಯಕ್ಕೆ ಎಷ್ಟು ಬೇಕಾದರೂ ಚಪ್ಪಾಳೆ ತಟ್ಟುವ. ನಮ್ಮ ತಡಕ್ಕೆ ಯಾಕೆ ತಟ್ಟುವುದು?

ಮಾಸ್ಟ್ರುಗಳಲ್ಲಿ ಒಂದು ಕೇಳಿಕೆ. ಬೆಂಗಳೂರಿಗೆ ಪ್ರವಾಸ ಹೋದರೆ ಮಕ್ಕಳಿಗೆ ವಿಶ್ವೇಶ್ವರಯ್ಯ ಮ್ಯೂಸಿಯಂ ತೋರಿಸುತ್ತೀರಿ. ಅಲ್ಲಿ ನಿಂತಿರುವ ವಿಮಾನ ಮರುತ್. 1961ರಲ್ಲಿ ಬೆಂಗಳೂರಿನಲ್ಲೇ ಮೊದಲು ಹಾರಿದ್ದು. ಚಂದದ ದೇಹ, ಅದಕ್ಕೆ ತಕ್ಕ ಇಂಜಿನ್ ಕಡೆಗೂ ಸಿಗಲಿಲ್ಲ. 1989ರಲ್ಲಿ ಕಾವೇರಿ ಎಂಬ ಸ್ವಂತ ಇಂಜಿನ್ನಿಗೆ ಮಂಜೂರಾತಿ ಆಯಿತು, ಆದರೂ 2001ರಲ್ಲಿ ತೇಜಸ್ ಮೇಲೇರಿದ್ದು ಅಮೆರಿಕದ ಇಂಜಿನ್ನಿನಲ್ಲಿ. ಮಕ್ಕಳು ಮರುತ್‌ನ ಮೂಗಿನ ಎದುರು ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಮುಂದಿನ ಸಲ ಅವರನ್ನು ಹಿಂಬದಿಗೂ ಕರ್ಕೊಂಡು ಹೋಗಿ, ಇಂಜಿನ್ನಿನ ಜಾಗ ತೋರಿಸಿ, ಈ ಕಥೆ ಹೇಳಿ.